ಉತ್ತರೆಯಿಂದ ಸ್ವಾತಿಯವರೆಗೆ: ಕೋಲಾರ ಸೀಮೆಯ ಹಿತ್ತಲಿನ ಶರತ್ಕಾಲದ ಕೆಲಸಗಳು

ಕೈತೋಟದ ವರ್ಷ ಜೂನ್ ತಿಂಗಳಲ್ಲಿ ಶುರುವಾಗುತ್ತದೆ ಎಂಬ ಲೆಕ್ಕ ಮಲೆನಾಡಿಗೆ ಸರಿ. ಕೋಲಾರದ ಕೆಮ್ಮಣ್ಣಿಗೆ ಅದು ಒಗ್ಗುವುದಿಲ್ಲ. ವರ್ಷಕ್ಕೆ ಸುಮಾರು 700ರಿಂದ 750 ಮಿ.ಮೀ. ಮಳೆ ಕಾಣುವ ಈ ಜಿಲ್ಲೆಯಲ್ಲಿ ಹೆಚ್ಚು ನೀರು ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಅಂದರೆ ಮುಂಗಾರಿನ ಬಾಲವೂ ಹಿಂಗಾರಿನ ತಲೆಯೂ ಒಂದಕ್ಕೊಂದು ತಾಗುವ ವಾರಗಳಲ್ಲಿ. ಆಮೇಲೆ ಡಿಸೆಂಬರಿನಿಂದ ಏಪ್ರಿಲಿನವರೆಗೆ ಆಕಾಶವನ್ನು ನಂಬಿ ಮಾಡುವಂಥದ್ದು ಏನೂ ಇರುವುದಿಲ್ಲ. ಜೀವನದಿಯಿಲ್ಲದ, ಕೊಳವೆಬಾವಿಯನ್ನೇ ನೆಚ್ಚಿಕೊಂಡ ಊರುಗಳಲ್ಲಿ ಹಿತ್ತಲು ಮಾಡುವವರು ಇದರಿಂದಾಗಿ ಒಂದಕ್ಕೊಂದು ವಿರುದ್ಧವೆನ್ನಿಸುವ ಎರಡು ಕೆಲಸಗಳನ್ನು ಈ ಎರಡು ತಿಂಗಳಲ್ಲೇ ಮುಗಿಸಬೇಕಾಗುತ್ತದೆ: ಮೊದಲು ನೀರನ್ನು ಹೊರಗೆ ಬಸಿಯಬೇಕು, ಆಮೇಲೆ ತೇವವನ್ನು ಒಳಗೆ ಹಿಡಿಯಬೇಕು. ಈ ಕ್ರಮ ತಲೆಕೆಳಗಾದರೆ ಗಿಡ ಅಕ್ಟೋಬರಿನಲ್ಲಿ ಕೊಳೆಯುತ್ತದೆ, ಇಲ್ಲವೇ ಜನವರಿಯಲ್ಲಿ ಒಣಗುತ್ತದೆ.

ಇಂಗ್ಲಿಷ್ ತಿಂಗಳುಗಳಿಗಿಂತ ಮಳೆ ನಕ್ಷತ್ರಗಳ ಲೆಕ್ಕವೇ ಈ ಕೆಲಸಗಳಿಗೆ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಅನುಭವ. ಸೆಪ್ಟೆಂಬರ್ 13ರ ಸುಮಾರಿಗೆ ಉತ್ತರೆ, 27ರ ಸುಮಾರಿಗೆ ಹಸ್ತ, ಅಕ್ಟೋಬರ್ 10ರ ಆಚೀಚೆ ಚಿತ್ತೆ, 24ರ ಸುಮಾರಿಗೆ ಸ್ವಾತಿ ಹುಟ್ಟುತ್ತವೆ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನಗಳ ಅವಧಿ ಸಿಗುವುದರಿಂದ ಸಸಿ ಬೆಳೆಸುವುದು, ನಾಟಿ, ಎರಡನೇ ಬಿತ್ತನೆ ಎಲ್ಲವೂ ಈ ಚೌಕಟ್ಟಿನಲ್ಲಿ ಸಲೀಸಾಗಿ ಕೂರುತ್ತವೆ. ಮಳೆ ಬರಲಿ ಬಿಡಲಿ, ದಿನದ ಲೆಕ್ಕವಂತೂ ತಪ್ಪುವುದಿಲ್ಲ.

ಉತ್ತರೆ: ಮೊದಲು ನೀರಿಗೆ ದಾರಿ

ಜೋರು ಮಳೆ ಬಿದ್ದು ನಿಂತ ಅರ್ಧ ಗಂಟೆಯ ನಂತರ ಹಿತ್ತಲಿಗೆ ಇಳಿದು ನೀರು ಎಲ್ಲೆಲ್ಲಿ ನಿಂತಿದೆ ಎಂದು ನೋಡಿ, ಅಲ್ಲಲ್ಲಿ ಒಂದೊಂದು ಕಡ್ಡಿ ನೆಟ್ಟು ಬನ್ನಿ. ಬಿಸಿಲಿನಲ್ಲಿ ಸಮತಟ್ಟಾಗಿ ಕಾಣುವ ನೆಲದಲ್ಲಿ ಎಷ್ಟು ತಗ್ಗುಗಳಿವೆ ಎಂಬುದು ಆಗ ತಿಳಿಯುತ್ತದೆ. ಆ ಕಡ್ಡಿಗಳನ್ನು ಜೋಡಿಸುವಂತೆ, ಇಳಿಜಾರು ಇರುವ ದಿಕ್ಕಿಗೆ, ಒಂದು ಗೇಣು ಅಗಲ ಮತ್ತು ಅಷ್ಟೇ ಆಳದ ಬಸಿಗಾಲುವೆ ತೆಗೆಯಿರಿ. ಕಾಲುವೆಯ ಕೊನೆಯನ್ನು ಬೀದಿಯ ಚರಂಡಿಗೆ ಬಿಡುವುದಕ್ಕಿಂತ ತೆಂಗಿನ ಮರದ ಕಡೆಗೋ, ಮೂಲೆಯಲ್ಲಿ ತೋಡಿ ಕಲ್ಲು ತುಂಬಿದ ಇಂಗುಗುಂಡಿಗೋ ತಿರುಗಿಸುವುದು ಜಾಣತನ.

ತರಕಾರಿಗೆ ಏರುಮಡಿಗಳೇ ಬೇಕು. ಒಂದು ಮೀಟರ್ ಅಗಲ, ಒಂದು ಗೇಣಿನಷ್ಟು ಎತ್ತರದ ಮಡಿ ಮಾಡಿದರೆ ಎರಡೂ ಬದಿಯಿಂದ ಕೈ ಎಟುಕುತ್ತದೆ. ಮಡಿಯ ಮೇಲೆ ಕಾಲಿಡುವ ಪ್ರಮೇಯವೇ ಬರುವುದಿಲ್ಲ. ಹಸಿ ಕೆಮ್ಮಣ್ಣನ್ನು ಒಮ್ಮೆ ತುಳಿದರೆ ಅದು ಒಣಗಿದಾಗ ಇಟ್ಟಿಗೆಯಂತಾಗುತ್ತದೆ ಎಂಬುದು ಈ ಸೀಮೆಯಲ್ಲಿ ಹಿತ್ತಲು ಮಾಡಿದವರಿಗೆಲ್ಲ ಗೊತ್ತು. ಮಡಿಯ ಮಣ್ಣಿಗೆ ಚದರ ಮೀಟರಿಗೆ ಎರಡು ಮೂರು ಕಿಲೋದಂತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಹೊಂಗೆ ಹಿಂಡಿ ಅಥವಾ ಬೇವಿನ ಹಿಂಡಿ ಬೆರೆಸಬೇಕು. ರೇಷ್ಮೆ ಸಾಕುವವರ ಮನೆ ಹತ್ತಿರದಲ್ಲಿದ್ದರೆ ಹುಳುವಿನ ಹಿಕ್ಕೆ ಮತ್ತು ತಿಂದುಳಿದ ಹಿಪ್ಪುನೇರಳೆ ಕಡ್ಡಿಯನ್ನು ಕೇಳಿ ತಂದು ತಿಪ್ಪೆಗೆ ಸೇರಿಸಿ. ಅಷ್ಟು ಬೇಗ ಕಳಿಯುವ, ಅಷ್ಟು ಸತ್ವವಿರುವ ಗೊಬ್ಬರ ಪೇಟೆಯಲ್ಲಿ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಹಸಿ ಸಗಣಿಯನ್ನು ಮಾತ್ರ ಮಡಿಗೆ ಹಾಕಬೇಡಿ, ಏಕೆಂದರೆ ಅದರ ಜೊತೆಯಲ್ಲೇ ಗೊಣ್ಣೆಹುಳು ಬರುತ್ತದೆ ಮತ್ತು ಕಳೆಯ ಬೀಜವೂ ಬರುತ್ತದೆ. ಕೆರೆಗೋಡು, ಅಂದರೆ ಕೆರೆಯ ತಳದ ಹೂಳು ಸಿಕ್ಕರೆ ಮರಳು ಹೆಚ್ಚಿರುವ ಮಣ್ಣಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಹರಿದು ತುಂಬಿಕೊಂಡ ಕೆರೆಗಳಲ್ಲಿ ಗೋಡು ತೆಗೆಯುವಂತಿಲ್ಲ. ಆ ನೀರು ಅಂತರ್ಜಲ ಹೆಚ್ಚಿಸಲು ಬಿಟ್ಟದ್ದಾದ್ದರಿಂದ ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿಗಳಿಗೆ ನೇರವಾಗಿ ಹಾಯಿಸುವ ಯೋಚನೆಯೂ ಬೇಡ.

ಮರದ ಪಾತಿಗಳ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಬೇಸಿಗೆಯಲ್ಲಿ ನೀರು ನಿಲ್ಲಲೆಂದು ಬಟ್ಟಲಿನಂತೆ ಮಾಡಿದ ಪಾತಿಯನ್ನು ಹಾಗೆಯೇ ಬಿಟ್ಟಿರುತ್ತಾರೆ. ಉತ್ತರೆ ಹಸ್ತಗಳಲ್ಲಿ ಅದೇ ಗಿಡದ ಸಾವಿಗೆ ಕಾರಣವಾಗುತ್ತದೆ. ಪಪ್ಪಾಯಿಯ ಬುಡದಲ್ಲಿ ನೀರು ಒಂದೆರಡು ದಿನ ನಿಂತರೆ ಸಾಕು, ಕಾಂಡದ ಬುಡ ಕೊಳೆತು, ಕಾಯಿ ತುಂಬಿದ ಗಿಡವೇ ಮಗುಚಿ ಬೀಳುತ್ತದೆ. ಪಾತಿಯ ತಗ್ಗಿನ ಬದಿಯನ್ನು ಒಡೆದು, ಕಾಂಡದ ಸುತ್ತ ಮಣ್ಣು ಏರಿಸಿ, ಸದ್ಯಕ್ಕೆ ಬಟ್ಟಲನ್ನು ಬೋರಲು ಹಾಕಿದಂತೆ ಮಾಡಿ. ಕುಂಡಗಳಿದ್ದರೆ ಅವುಗಳ ತಳದ ತೂತಿಗೆ ಒಂದು ಕಡ್ಡಿ ಚುಚ್ಚಿ ನೋಡಿ, ಕೆಳಗಿಟ್ಟ ತಟ್ಟೆಗಳನ್ನು ತೆಗೆದಿಡಿ.

ಹೊರಗೆ ಬಸಿಯುವ ನೀರಿನ ಜೊತೆಗೆ ಮಾಳಿಗೆಯ ನೀರನ್ನೂ ಬಿಡಬೇಕಾಗಿಲ್ಲ. ನೂರು ಚದರ ಮೀಟರ್ ಮಾಳಿಗೆಯ ಮೇಲೆ ಹತ್ತು ಮಿ.ಮೀ. ಮಳೆ ಬಿದ್ದರೆ ಲೆಕ್ಕಕ್ಕೆ 1,000 ಲೀಟರ್ ಆಗುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಕೊಳವೆಬಾವಿ ನೀರಿಗಿಂತ ಈ ನೀರು ಸಸಿಗಳಿಗೆ ಹಿತ. ಮೊದಲ ಹತ್ತು ನಿಮಿಷದ ಕೊಳೆನೀರನ್ನು ಹೊರಗೆ ಬಿಟ್ಟು, ಉಳಿದದ್ದನ್ನು ಡ್ರಮ್ಮಿಗೆ ತಿರುಗಿಸಿ, ಸೊಳ್ಳೆ ಕೂರದಂತೆ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿ.

ಕಳೆ ಮತ್ತು ಬೆರಕೆ ಸೊಪ್ಪು

ಕಳೆ ತೆಗೆಯಲು ಇದೇ ಸರಿಯಾದ ಹೊತ್ತು, ಏಕೆಂದರೆ ಮುಂಗಾರಿನಲ್ಲಿ ಹುಟ್ಟಿದ ಗಿಡಗಳೆಲ್ಲ ಈಗ ಹೂ ಬಿಟ್ಟು ಬೀಜ ಕಟ್ಟುತ್ತಿರುತ್ತವೆ. ಕಾಂಗ್ರೆಸ್ ಗಿಡ ಬಿಳಿ ಹೂ ತೋರಿಸುವ ಮುಂಚೆಯೇ ಬೇರುಸಹಿತ ಕೀಳಬೇಕು. ಮೈಗೆ ತಾಗಿದರೆ ತುರಿಕೆ ಬರುವವರಿರುವುದರಿಂದ ಕೈಗವಸು ಹಾಕಿಕೊಳ್ಳಿ. ತುಂಗೆ ಮತ್ತು ಗರಿಕೆಯನ್ನು ಕೊಯ್ದರೆ ಉಪಯೋಗವಿಲ್ಲ. ಮಣ್ಣು ಮೆತ್ತಗಿರುವ ಈ ದಿನಗಳಲ್ಲಿ ಗಡ್ಡೆ ಹಿಡಿದು ಎಳೆಯಬೇಕು, ಎಳೆದದ್ದನ್ನು ತಿಪ್ಪೆಗೆ ಹಾಕದೆ ಕಲ್ಲಿನ ಮೇಲೆ ಒಣಗಿಸಬೇಕು.

ಆದರೆ ಎಲ್ಲವನ್ನೂ ಕಳೆ ಎಂದು ಕಿತ್ತು ಎಸೆಯುವ ಮೊದಲು ಅಡುಗೆಮನೆಯಲ್ಲೊಮ್ಮೆ ಕೇಳಿ. ಅಣ್ಣೆ, ಗೋಣಿ, ಕನ್ನೆ, ಗಣಿಕೆ ಇವೆಲ್ಲ ಬಿತ್ತದೆ ಬರುವ ಸೊಪ್ಪುಗಳು. ಹೂವಾಗುವ ಮುಂಚೆ ಕುಡಿ ಚಿವುಟಿ ತಂದರೆ ಬೆರಕೆ ಸೊಪ್ಪಿನ ಬಸ್ಸಾರಿಗೆ ಬೇರೇನೂ ಬೇಡ. ನಮ್ಮ ಮನೆಯಲ್ಲಿ ಕಳೆ ಕೀಳುವ ದಿನ ಎರಡು ಬುಟ್ಟಿ ಇಟ್ಟುಕೊಳ್ಳುತ್ತೇವೆ, ಒಂದು ಒಲೆಗೆ, ಒಂದು ತಿಪ್ಪೆಗೆ. ಸೊಪ್ಪಿನ ಗುರುತು ಸರಿಯಾಗಿ ಇಲ್ಲದವರು ಗೊತ್ತಿರುವ ಹಿರಿಯರಿಗೆ ತೋರಿಸದೆ ತಿನ್ನಬಾರದು.

ಒಟ್ಲು ಹಾಕುವುದು

ಉತ್ತರೆ ಹುಟ್ಟಿದ ವಾರದಲ್ಲೇ ಒಟ್ಲು, ಅಂದರೆ ಸಸಿಮಡಿ ಹಾಕಿದರೆ ಹಸ್ತ ಕಳೆದು ಚಿತ್ತೆ ಹುಟ್ಟುವ ಹೊತ್ತಿಗೆ ಸಸಿಗಳು ನಾಟಿಗೆ ಸಿದ್ಧವಾಗುತ್ತವೆ. ಟೊಮೆಟೊ, ಎಲೆಕೋಸು, ಹೂಕೋಸು, ನವಿಲುಕೋಸುಗಳಿಗೆ 25ರಿಂದ 30 ದಿನ, ಬದನೆ ಮತ್ತು ಮೆಣಸಿನಕಾಯಿಗೆ 35ರಿಂದ 40 ದಿನ ಬೇಕು. ಮನೆಮಟ್ಟಿಗೆ 98 ಗುಳಿಗಳ ಒಂದು ಪ್ಲಾಸ್ಟಿಕ್ ಟ್ರೇ ಧಾರಾಳವಾಯಿತು. ತೆಂಗಿನ ನಾರಿನ ಪುಡಿಯನ್ನು ನೆನೆಸಿ, ಹಿಂಡಿ, ಅದಕ್ಕೆ ಸ್ವಲ್ಪ ಎರೆಗೊಬ್ಬರವನ್ನೂ, ಬೇರುಕೊಳೆ ತಡೆಯುವ ಶಿಲೀಂಧ್ರವಾದ ಟ್ರೈಕೋಡರ್ಮಾದ ಪುಡಿಯನ್ನೂ ಕಲಸಿ ಗುಳಿಗಳಿಗೆ ತುಂಬಿ, ಗುಳಿಗೊಂದರಂತೆ ಬೀಜವನ್ನು ಅರ್ಧ ಸೆಂ.ಮೀ. ಆಳಕ್ಕೆ ಇಡಬೇಕು. ಮೊಳಕೆ ಕಾಣುವವರೆಗೆ ಟ್ರೇಗಳನ್ನು ಒಂದರ ಮೇಲೊಂದು ಜೋಡಿಸಿ ಮುಚ್ಚಿಡಿ, ಮೊಳಕೆ ಕಂಡ ದಿನವೇ ಬೆಳಕಿಗೆ ತನ್ನಿ. ಒಂದು ದಿನ ತಡವಾದರೂ ಸಸಿ ಬಿಳಿಚಿ ಉದ್ದವಾಗಿ ಬಾಗುತ್ತದೆ.

ಈ ವಾರಗಳಲ್ಲಿ ಒಟ್ಲಿಗೆ ಇಬ್ಬರು ಶತ್ರುಗಳು. ಒಂದು, ಬುಡ ಕೊಳೆತು ಸಸಿ ಮಲಗುವ ರೋಗ. ಸಂಜೆ ನೀರು ಹಾಕುವುದರಿಂದ, ದಟ್ಟವಾಗಿ ಬಿತ್ತುವುದರಿಂದ ಇದು ಬರುತ್ತದೆ. ಬೆಳಿಗ್ಗೆ ಮಾತ್ರ ನೀರು ಚಿಮುಕಿಸಿ, ಜಡಿಮಳೆಯ ದಿನ ಟ್ರೇಯನ್ನು ಸೂರಿನಡಿಗೆ ತನ್ನಿ. ಇನ್ನೊಂದು, ಟೊಮೆಟೊಗೆ ಎಲೆಮುಟುರು ರೋಗ ಅಂಟಿಸುವ ಬಿಳಿನೊಣ. ಟ್ರೇಯ ಮೇಲೆ ಬಿದಿರು ಕಡ್ಡಿಯ ಕಮಾನು ಮಾಡಿ ಸಣ್ಣ ಕಣ್ಣಿನ ಬಿಳಿ ನೈಲಾನ್ ಬಲೆ ಹೊದಿಸಿದರೆ, ಆಮೇಲೆ ಮಾಡುವ ಹತ್ತು ಸಿಂಪಡಣೆಯ ಖರ್ಚು ಉಳಿಯುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿರುವ ಅರ್ಕಾ ರಕ್ಷಕ್ ಎಂಬ ಟೊಮೆಟೊ ಹೈಬ್ರಿಡ್ ಎಲೆಮುಟುರು, ದುಂಡಾಣು ಸೊರಗು ರೋಗ ಮತ್ತು ಮುಂಚಿನ ಅಂಗಮಾರಿ ಈ ಮೂರನ್ನೂ ತಡೆದುಕೊಳ್ಳುವ ಗುಣವುಳ್ಳದ್ದು. ಟೊಮೆಟೊಗೇ ಹೆಸರಾದ, ವರ್ಷಪೂರ್ತಿ ಸುತ್ತಲೂ ಅದೇ ಬೆಳೆ ಇರುವ ಕೋಲಾರದಂಥ ಕಡೆ ಹಿತ್ತಲಿಗೆ ರೋಗ ಹಾರಿ ಬರುವುದು ಖಂಡಿತವಾದ್ದರಿಂದ ತಳಿಯ ಆಯ್ಕೆಯಲ್ಲಿ ಹಟ ಹಿಡಿಯಬೇಕು.

ಹೂಕೋಸಿನ ತಳಿಯನ್ನಂತೂ ಕೇಳಿ ತಿಳಿಯದೆ ಕೊಳ್ಳಲೇಬಾರದು. ಅದರಲ್ಲಿ ಬೇಗನೆಯವು, ನಡುವಿನವು, ತಡವಾದವು ಎಂದು ಹವೆಗೆ ತಕ್ಕ ಗುಂಪುಗಳಿವೆ. ಬೇಗನೆಯ ತಳಿಯನ್ನು ಚಳಿಯ ಹೊಸ್ತಿಲಲ್ಲಿ ನಾಟಿ ಮಾಡಿದರೆ ಗಿಡ ಬೆಳೆಯುವ ಮೊದಲೇ ಗುಂಡಿಯಷ್ಟು ಹೂ ಕಟ್ಟಿ ಕೂರುತ್ತದೆ. ಒಂದು ವರ್ಷ "ಯಾವಾಗ ಬೇಕಾದರೂ ಹಾಕಬಹುದು ಸಾರ್" ಎಂಬ ನರ್ಸರಿಯವರ ಮಾತು ನಂಬಿ ತಂದ ನಲವತ್ತು ಸಸಿಗಳಲ್ಲಿ ನಾನು ಕೊಯ್ದದ್ದು ಹೆಬ್ಬೆರಳಿನ ತುದಿಯಷ್ಟು ಗಾತ್ರದ ನಲವತ್ತು ಹೂಗಳನ್ನು. ಒಂದು ಹೊತ್ತಿನ ಪಲ್ಯಕ್ಕೂ ಅವು ಸಾಲಲಿಲ್ಲ. ಹೊಸಬರು ಮೊದಲ ವರ್ಷ ಹೂಕೋಸಿನ ಬದಲು ನವಿಲುಕೋಸು ಬೆಳೆಯುವುದು ಲೇಸು.

ಹಸ್ತ: ಹದ ನೋಡಿ ಬಿತ್ತನೆ

ಹಸ್ತದ ಹದಿಮೂರು ದಿನಗಳಲ್ಲಿ ನೇರವಾಗಿ ಮಡಿಗೆ ಬಿತ್ತುವ ಬೀಜಗಳ ಸರದಿ: ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ಹುರುಳಿಕಾಯಿ, ಕೊತ್ತಂಬರಿ, ಮೆಂತ್ಯ, ಪಾಲಕ್, ಸಬ್ಬಸಿಗೆ. ಬಿತ್ತುವ ದಿನವನ್ನು ನಿರ್ಧರಿಸುವುದು ಪಂಚಾಂಗವಲ್ಲ, ಮಣ್ಣಿನ ಹದ. ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಬಿಗಿಯಿರಿ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ, ಅಥವಾ ಉಂಡೆಯ ಮೈ ಮಿರುಗಿದರೆ ಇನ್ನೆರಡು ದಿನ ಕಾಯಬೇಕು. ಮುಷ್ಟಿ ತೆರೆದಾಗ ಉಂಡೆ ಹಾಗೆಯೇ ನಿಂತು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೊಡನೆ ಪುಡಿಯಾದರೆ ಅದೇ ಹದ. ಉಂಡೆಯೇ ಕಟ್ಟದಿದ್ದರೆ ಮೊದಲು ಮಡಿ ನೆನೆಸಿ ಮರುದಿನ ಬಿತ್ತಬೇಕು. ನಮ್ಮ ಪಕ್ಕದ ಮನೆಯ ಅಜ್ಜಿ ಈ ಪರೀಕ್ಷೆಯನ್ನೂ ಮಾಡುತ್ತಿರಲಿಲ್ಲ. ಗುದ್ದಲಿಯ ಅಲಗಿಗೆ ಮಣ್ಣು ಮೆತ್ತಿದ್ದನ್ನು ದೂರದಿಂದಲೇ ನೋಡಿ, "ಇವತ್ತು ಬ್ಯಾಡ ಕಣಪ್ಪಾ, ನಾಡಿದ್ದು ನೋಡು" ಎನ್ನುತ್ತಿದ್ದರು.

ಕೆಮ್ಮಣ್ಣಿನ ಇನ್ನೊಂದು ಕಾಟವೆಂದರೆ ಬಿತ್ತಿದ ಮೇಲೆ ಜೋರು ಮಳೆ ಹೊಡೆದು ಮರುದಿನ ಬಿಸಿಲು ಕಾದರೆ ಮೇಲೆ ಗಟ್ಟಿ ಹಕ್ಕಳೆ ಕಟ್ಟುವುದು. ಕ್ಯಾರೆಟ್ ಮತ್ತು ಕೊತ್ತಂಬರಿಯ ಎಳೆ ಮೊಳಕೆಗೆ ಅದನ್ನು ಸೀಳಿಕೊಂಡು ಬರುವ ಶಕ್ತಿ ಇರುವುದಿಲ್ಲ. ಬೀಜದ ಸಾಲನ್ನು ಮಣ್ಣಿನಿಂದ ಮುಚ್ಚದೆ, ಜರಡಿ ಹಿಡಿದ ಗೊಬ್ಬರ ಮತ್ತು ಮರಳಿನ ಮಿಶ್ರಣದಿಂದ ಮುಚ್ಚಿದರೆ ಈ ತೊಂದರೆ ತಪ್ಪುತ್ತದೆ. ಕೊತ್ತಂಬರಿ ಬೀಜವನ್ನು ಬಿತ್ತುವ ಮುಂಚೆ ಚಪ್ಪಲಿಯಡಿಯಲ್ಲೋ ಮಣೆಯ ಮೇಲೋ ಹಗುರಾಗಿ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಬೇಕು. ಕ್ಯಾರೆಟ್ಟನ್ನು ಏಳು ಸೆಂ.ಮೀ.ಗೆ ಒಂದರಂತೆ, ಮೂಲಂಗಿಯನ್ನು ಹತ್ತು ಸೆಂ.ಮೀ.ಗೆ ಒಂದರಂತೆ ಉಳಿಸಿ ಮಿಕ್ಕದ್ದನ್ನು ಕಿತ್ತುಬಿಡಬೇಕು; ಎಳೆ ಸಸಿ ಕೀಳಲು ಮನಸ್ಸು ಬಾರದವರಿಗೆ ಗಡ್ಡೆ ಸಿಗುವುದಿಲ್ಲ, ಸೊಪ್ಪಷ್ಟೇ ಸಿಗುತ್ತದೆ.

ಎಲ್ಲ ಬೀಜವನ್ನೂ ಒಂದೇ ದಿನ ಬಿತ್ತುವುದು ಉತ್ಸಾಹದ ತಪ್ಪು. ಮೂಲಂಗಿ 45 ದಿನಕ್ಕೆ, ಹುರುಳಿಕಾಯಿ 50 ದಿನದ ಸುಮಾರಿಗೆ, ಬೀಟ್‌ರೂಟ್ 60ರಿಂದ 70 ದಿನಕ್ಕೆ, ಕ್ಯಾರೆಟ್ 80ರಿಂದ 90 ದಿನಕ್ಕೆ ಕೊಯ್ಲಿಗೆ ಬರುತ್ತವೆ. ಮೂಲಂಗಿ, ಮೆಂತ್ಯ, ಕೊತ್ತಂಬರಿಗಳನ್ನು ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಮೂರು ಸಲ ಬಿತ್ತಿದರೆ ಮನೆಯ ಖರ್ಚಿಗೆ ತಕ್ಕಂತೆ ಒದಗುತ್ತವೆ. ಬಟಾಣಿಗೆ ಮಾತ್ರ ಅವಸರ ಬೇಡ. ಅದಕ್ಕೆ ತಂಪು ಬೇಕು, ಚಿತ್ತೆ ಕಳೆದ ಮೇಲೆ ಬಿತ್ತಿದರೆ ಸಾಕು.

ಅವರೆಯ ಮಾತು ಬಾರದೆ ಕೋಲಾರದ ಹಿತ್ತಲಿನ ಲೇಖನ ಮುಗಿಯದು. ಜುಲೈ ಆಗಸ್ಟಿನಲ್ಲಿ ರಾಗಿಯ ಜೊತೆ ಅಕ್ಕಡಿ (ಮಿಶ್ರಬೆಳೆಯ) ಸಾಲಾಗಿ ಬಿತ್ತುವ ನಾಟಿ ಅವರೆ, ಹಗಲು ಚಿಕ್ಕದಾದ ಮೇಲಷ್ಟೇ ಹೂ ಬಿಡುವ ಜಾತಿ. ಸೆಪ್ಟೆಂಬರ್ 23ರ ನಂತರ ಹಗಲು ಹನ್ನೆರಡು ಗಂಟೆಗಿಂತ ಕಡಿಮೆಯಾಗುತ್ತಾ ಹೋಗುವುದರಿಂದ ಚಪ್ಪರದವರೆ ಈಗ ಬಳ್ಳಿ ಬೆಳೆಸುವುದನ್ನು ಬಿಟ್ಟು ಹೂವಿನ ಕಡೆ ತಿರುಗುತ್ತದೆ. ಈ ಹೊತ್ತಿನಲ್ಲಿ ಯೂರಿಯಾವನ್ನಾಗಲಿ ಹಸಿ ಗೊಬ್ಬರವನ್ನಾಗಲಿ ಕೊಟ್ಟರೆ ಬಳ್ಳಿ ಮತ್ತೆ ಎಲೆಗೇ ತೊಡಗುತ್ತದೆ. ಚಪ್ಪರದ ಗೂಟಗಳನ್ನು ಅಲುಗಿಸಿ ನೋಡಿ ಬಲಪಡಿಸುವುದು, ಬುಡದ ಹಳದಿ ಎಲೆ ತೆಗೆಯುವುದು, ಕುಡಿಯಲ್ಲಿ ಕಪ್ಪು ಹೇನು ಕಂಡರೆ ಆ ಕುಡಿಯನ್ನೇ ಚಿವುಟಿ ಸೋಪಿನ ನೀರಿಗೆ ಹಾಕುವುದು, ಇಷ್ಟೇ ಸಾಕು. ಬಿತ್ತಲು ಮರೆತವರಿಗೆ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ. ಅವು ಹಗಲಿನ ಉದ್ದಕ್ಕೆ ಕಟ್ಟುಬೀಳದ್ದರಿಂದ ಈಗ ಬಿತ್ತಿದರೂ ಸಂಕ್ರಾಂತಿಯ ಹೊತ್ತಿಗೆ ಕಾಯಿ ಕೊಡುತ್ತವೆ. ಸೊಗಡು ಮಾತ್ರ ನಾಟಿ ಅವರೆಯದೇ ಮೇಲು ಎಂಬುದು ನನ್ನ ನಾಲಿಗೆಯ ತೀರ್ಪು.

ಚಿತ್ತೆ: ನಾಟಿ, ರೋಗ, ಬಸವನಹುಳು

"ಕುರುಡು ಚಿತ್ತೆ ಎರಚಿದತ್ತ ಬೆಳೆ" ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಒಂದು ಬೀದಿಗೆ ಸುರಿದು ಪಕ್ಕದ ಬೀದಿಯನ್ನು ಒಣಗಲು ಬಿಡುವ ಈ ಮಳೆಯಲ್ಲಿ ಊರಿನ ಸುದ್ದಿ ಕೇಳಿ ನಾಟಿ ಮಾಡುವ ಬದಲು ನಿಮ್ಮ ಮಡಿಯ ಮಣ್ಣನ್ನೇ ನೋಡಿ ಮಾಡಬೇಕು. ಮೋಡವಿರುವ ದಿನ ಅಥವಾ ಸಂಜೆ ನಾಲ್ಕರ ನಂತರ, ಟ್ರೇಯನ್ನು ನೆನೆಸಿ, ಬೇರಿನ ಮುದ್ದೆ ಒಡೆಯದಂತೆ ಸಸಿ ಎತ್ತಿ ನೆಡಿ. ಎಲೆಕೋಸು, ಹೂಕೋಸುಗಳಿಗೆ 45 ಸೆಂ.ಮೀ., ನವಿಲುಕೋಸಿಗೆ 25 ಸೆಂ.ಮೀ., ಟೊಮೆಟೊಗೆ ಸಾಲಿನಿಂದ ಸಾಲಿಗೆ 75 ಮತ್ತು ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಬಿಡಬೇಕು. ಹಿತ್ತಲು ಚಿಕ್ಕದೆಂದು ಒತ್ತೊತ್ತಾಗಿ ನೆಟ್ಟರೆ ಗಾಳಿಯಾಡದೆ ರೋಗವೇ ಮೊದಲ ಫಸಲಾಗುತ್ತದೆ.

ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಒಂದೇ ಕುಟುಂಬದವು. ಹೋದ ಸಲ ಇವುಗಳಲ್ಲಿ ಯಾವುದಿದ್ದ ಮಡಿಗೂ ಈ ಸಲ ಟೊಮೆಟೊ ಬೇಡ. ಹಸಿರಾಗಿದ್ದ ಗಿಡ ಎಲೆ ಹಳದಿಯೂ ಆಗದೆ ಒಂದೇ ಮಧ್ಯಾಹ್ನದಲ್ಲಿ ಸೊರಗಿದರೆ ಬುಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ನೀರಿಗಿಳಿದರೆ ಅದು ದುಂಡಾಣು ಸೊರಗು ರೋಗ. ಆ ಗಿಡವನ್ನು ಬೇರಿನ ಮಣ್ಣಿನ ಸಮೇತ ಚೀಲಕ್ಕೆ ಹಾಕಿ ಹೊರಗೆ ಸಾಗಿಸಬೇಕು, ತಿಪ್ಪೆಗೆ ಹಾಕಬಾರದು, ಗುದ್ದಲಿಯನ್ನು ತೊಳೆಯದೆ ಪಕ್ಕದ ಗಿಡಕ್ಕೆ ಮುಟ್ಟಿಸಬಾರದು. ಇದಕ್ಕೆ ಸಿಂಪಡಿಸುವ ಔಷಧಿ ಎಂದು ಅಂಗಡಿಯವರು ಏನು ಕೊಟ್ಟರೂ ದುಡ್ಡು ದಂಡ.

ಎಲೆಗಳ ಮೇಲೆ ಕಂದು ಮಚ್ಚೆ ಕಟ್ಟುವ ಅಂಗಮಾರಿ ಬೇರೆ ವಿಷಯ. ಮೋಡ, ಮಂಜು, ಜಿಟಿಜಿಟಿ ಮಳೆ ಮೂರೂ ಸೇರುವ ಚಿತ್ತೆ ಸ್ವಾತಿಗಳಲ್ಲಿ ಅದು ನಾಲ್ಕು ದಿನದಲ್ಲಿ ಗಿಡವನ್ನು ಸುಟ್ಟಂತೆ ಮಾಡುತ್ತದೆ. ಗಿಡಕ್ಕೆ ಕೋಲು ಕೊಟ್ಟು ಕಟ್ಟುವುದು, ನೆಲಕ್ಕೆ ತಾಗುವ ಎಲೆ ತೆಗೆಯುವುದು, ನೀರನ್ನು ಬುಡಕ್ಕಷ್ಟೇ ಕೊಡುವುದು ಮೊದಲ ಕೆಲಸ. ಆಮೇಲೂ ಬೇಕಾದರೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಐದು ಲೀಟರಿಗೆ 50 ಗ್ರಾಂ ಮೈಲುತುತ್ತ, 50 ಗ್ರಾಂ ಸುಣ್ಣ ಸಾಕು. ಎರಡೂವರೆ ಲೀಟರ್ ನೀರಿನಲ್ಲಿ ಮೈಲುತುತ್ತವನ್ನೂ, ಇನ್ನೆರಡೂವರೆ ಲೀಟರಿನಲ್ಲಿ ಸುಣ್ಣವನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟುಗಳಲ್ಲಿ ಕರಗಿಸಿ, ಸುಣ್ಣದ ನೀರನ್ನು ಸೋಸಿ, ಅದಕ್ಕೆ ಮೈಲುತುತ್ತದ ನೀರನ್ನು ಸಣ್ಣಗೆ ಸುರಿಯುತ್ತಾ ಕೋಲಿನಿಂದ ಕಲಕಬೇಕು. ಲೋಹದ ಪಾತ್ರೆ ಬಳಸಬಾರದು. ತಿಳಿ ನೀಲಿ ಬಣ್ಣದ ದ್ರಾವಣ ಸಿದ್ಧವಾದ ಮೇಲೆ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರದ ಪೊರೆ ಕೂತಿದ್ದರೆ ಎಲೆ ಸುಡುತ್ತದೆ ಎಂದರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಪರೀಕ್ಷಿಸಿ. ಮಾಡಿದ ದಿನವೇ, ಮಳೆ ಬಿಡುವು ಕೊಟ್ಟ ಬೆಳಿಗ್ಗೆ ಸಿಂಪಡಿಸಿ ಮುಗಿಸಬೇಕು. ಕೊಯ್ಲಿಗೆ ಬಂದ ಸೊಪ್ಪಿನ ಮೇಲೆ ಇದು ಹಾರಬಾರದು. ರಸ ಹೀರುವ ಕೀಟಗಳಿಗಾದರೆ ಲೀಟರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ, ಚಿಟಿಕೆ ಸೋಪಿನ ಪುಡಿ ಬೆರೆಸಿದ ಕಷಾಯ ಸಾಕು.

ಇತ್ತೀಚಿನ ವರ್ಷಗಳಲ್ಲಿ ಕಾಟ ಹೆಚ್ಚಿಸಿರುವುದು ಆಫ್ರಿಕಾದ ದೊಡ್ಡ ಬಸವನಹುಳು. ಒಂದೇ ರಾತ್ರಿಯಲ್ಲಿ ಒಂದು ಸಾಲು ಸಸಿ ಬೋಳಾಗಿರುವುದನ್ನು ಕಂಡು ಕೆಲವರು ಇಲಿಯನ್ನು ಬೈಯುತ್ತಾರೆ. ಮಣ್ಣಿನ ಮೇಲೆ ಬೆಳ್ಳಿಯಂತೆ ಹೊಳೆಯುವ ಲೋಳೆಯ ಗೆರೆ ಇದ್ದರೆ ಕಳ್ಳ ಯಾರೆಂದು ಖಾತ್ರಿಯಾಗುತ್ತದೆ. ಸಂಜೆ ಒದ್ದೆ ಗೋಣಿಚೀಲ ಹಾಸಿ ಅದರಡಿ ಪಪ್ಪಾಯಿ ಎಲೆ ಅಥವಾ ಕೋಸಿನ ಎಲೆ ಇಡಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಚೀಲ ಎತ್ತಿದರೆ ಎಲ್ಲ ಅಲ್ಲೇ ಗುಂಪಾಗಿರುತ್ತವೆ; ಕೈಗವಸು ತೊಟ್ಟು ಆರಿಸಿ, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಸತ್ತ ಮೇಲೆ ಆಳವಾದ ಗುಂಡಿಯಲ್ಲಿ ಹೂಳಿ. ಉಪ್ಪನ್ನು ಮಡಿಯ ಮಣ್ಣಿನ ಮೇಲೆ ಎರಚಬೇಡಿ, ಹುಳುವಿನ ಜೊತೆ ಮಣ್ಣೂ ಕೆಡುತ್ತದೆ.

ಹೂವು

ಸೇವಂತಿಗೆ ಅವರೆಯಂತೆಯೇ ಚಿಕ್ಕ ಹಗಲಿನ ಗಿಡ. ಕುಡಿ ಚಿವುಟುವ ಕಾಲ ಆಗಸ್ಟಿಗೇ ಮುಗಿದಿರುತ್ತದೆ, ಈಗ ಚಿವುಟಿದರೆ ಮೊಗ್ಗನ್ನೇ ಚಿವುಟಿದಂತೆ. ಗಿಡ ಮಳೆಗೆ ಒರಗದಂತೆ ಕಡ್ಡಿ ಕಟ್ಟಿ, ಬುಡದ ಮಚ್ಚೆ ಎಲೆ ತೆಗೆದರೆ ಸಾಕು. ಚೆಂಡುಹೂ ಬೀಜದಿಂದ ಹೂವಿಗೆ ಎರಡು ತಿಂಗಳಿಗೂ ಸ್ವಲ್ಪ ಹೆಚ್ಚು ತೆಗೆದುಕೊಳ್ಳುವುದರಿಂದ ಈ ದೀಪಾವಳಿಗೆ ಈಗ ಬಿತ್ತಿ ಪ್ರಯೋಜನವಿಲ್ಲ. ಅಕ್ಟೋಬರ್ ಕೊನೆಯಲ್ಲಿ ಬಿತ್ತಿದ್ದು ಸಂಕ್ರಾಂತಿಗೆ ಒದಗುತ್ತದೆ. ಗುಲಾಬಿಯ ಸವರುವಿಕೆಗೆ ಮಳೆ ತಗ್ಗುವ ಅಕ್ಟೋಬರಿನ ಉತ್ತರಾರ್ಧ ಸೂಕ್ತ. ಹೊರಮುಖವಾದ ಮೊಗ್ಗಿನ ಮೇಲೆ ಅರ್ಧ ಸೆಂ.ಮೀ. ಬಿಟ್ಟು ಓರೆಯಾಗಿ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿದರೆ ಸುಮಾರು 45 ದಿನಕ್ಕೆ ಹೂ ಕಾಣಬಹುದು. ದುಂಡುಮಲ್ಲಿಗೆಯನ್ನು ಈಗ ಮುಟ್ಟಬೇಡಿ, ಅದರ ಸವರುವಿಕೆ ನವೆಂಬರ್ ಕೊನೆಗೆ.

ಮರಗಳ ವಿಷಯದಲ್ಲಿ ಕೈಕಟ್ಟಿ ಕೂರುವುದು

ಶ್ರೀನಿವಾಸಪುರದ ತೋಟಗಾರರನ್ನು ಕೇಳಿದರೂ ಇದೇ ಮಾತು ಬರುತ್ತದೆ: ಮಾವಿಗೆ ಈಗ ಗೊಬ್ಬರವೂ ಬೇಡ, ಕತ್ತರಿಯೂ ಬೇಡ. ಅವೆರಡೂ ಕೊಯ್ಲು ಮುಗಿದ ಜುಲೈ ಆಗಸ್ಟಿನ ಕೆಲಸಗಳು. ಡಿಸೆಂಬರ್ ಜನವರಿಯಲ್ಲಿ ಹೂ ಬರಬೇಕಾದ ಕೊಂಬೆ ಅದಕ್ಕೂ ಮುಂಚೆ ಬಲಿತು, ಎರಡು ಮೂರು ತಿಂಗಳು ನೀರಿಲ್ಲದೆ ವಿರಮಿಸಬೇಕು. ಅಕ್ಟೋಬರಿನಲ್ಲಿ ನೀರು ಗೊಬ್ಬರ ಕೊಟ್ಟರೆ ಕೆಂಪು ಚಿಗುರು ಬರುತ್ತದೆ, ಹೂವು ಬರುವುದಿಲ್ಲ. ಮಾಡಬೇಕಾದ ಒಂದೇ ಕೆಲಸವೆಂದರೆ ಕೊಂಬೆಗೆ ಅಂಟಿ ಬೆಳೆಯುವ ಪರಾವಲಂಬಿ ಗಿಡವಾದ ಬಂದಳಿಕೆಯನ್ನು ಹುಡುಕಿ, ಅದು ಅಂಟಿದ ಜಾಗದಿಂದ ಒಂದಡಿ ಕೆಳಗೆ ಕೊಂಬೆಸಹಿತ ತೆಗೆಯುವುದು. ಅದು ಹಣ್ಣು ಬಿಟ್ಟರೆ ಹಕ್ಕಿಗಳು ಇಡೀ ಮರಕ್ಕೆ ಹರಡುತ್ತವೆ.

ತೆಂಗಿನ ಲೆಕ್ಕ ಇದಕ್ಕೆ ತದ್ವಿರುದ್ಧ. ಫಲಕ್ಕೆ ಬಂದ ಮರಕ್ಕೆ ವರ್ಷಕ್ಕೆ ಶಿಫಾರಸು ಮಾಡಿರುವ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್‌ನಲ್ಲಿ ಮೂರನೇ ಒಂದು ಪಾಲನ್ನು ಮುಂಗಾರಿನ ಆರಂಭದಲ್ಲಿ, ಉಳಿದ ಎರಡು ಪಾಲನ್ನು ಈಗ, ಮಣ್ಣು ಹದವಾಗಿರುವಾಗ, ಬುಡದಿಂದ ಸುತ್ತಲೂ ಆರಡಿ ದೂರದವರೆಗಿನ ಪಾತಿಯಲ್ಲಿ ಕೊಡಬೇಕು. ನಿಂಬೆಯ ಎಲೆಯಲ್ಲಿ ಕಜ್ಜಿ ಕಂಡರೆ ಆ ಕಡ್ಡಿಗಳನ್ನು ಒಣಹವೆಯ ದಿನ ಕತ್ತರಿಸಿ ಸುಡಿ. ಹೊಸ ಹಣ್ಣಿನ ಸಸಿ ನೆಡಲು ಜೂನಿನಲ್ಲಿ ಆಗದವರಿಗೆ ಉತ್ತರೆ ಹಸ್ತಗಳೇ ಕೊನೆಯ ಅವಕಾಶ.

ಸ್ವಾತಿ: ತೇವ ಹಿಡಿಯುವುದು

"ಸ್ವಾತಿ ಮಳೆ ಮುತ್ತಿನ ಬೆಳೆ" ಎನ್ನುತ್ತಾರೆ. ಈ ಮಳೆಯನ್ನು ಕುಡಿದ ಮಣ್ಣಿಗೆ ಹೊದಿಕೆ ಹಾಕಬೇಕು, ಅದಕ್ಕೆ ಮುಂಚೆ ಹಾಕಬಾರದು. ಚಿತ್ತೆಯಲ್ಲೇ ಅವಸರಪಟ್ಟು ಎಲೆ ಹರಡಿದರೆ ಬಸವನಹುಳುವಿಗೆ ಮನೆ ಕಟ್ಟಿಕೊಟ್ಟಂತೆ ಆಗುತ್ತದೆ, ಕಾಂಡವೂ ಕೊಳೆಯುತ್ತದೆ. ಮಳೆ ನಿಂತು ಮಣ್ಣಿನ ಮೇಲ್ಮೈ ಬಿಳಿಚಲು ತೊಡಗಿದ ದಿನ, ಮೇಲಿನ ಎರಡು ಬೆರಳಿನಷ್ಟು ಮಣ್ಣನ್ನು ಹಗುರಾಗಿ ಕೆದಕಿ ಹಕ್ಕಳೆ ಒಡೆದು, ಅದರ ಮೇಲೆ ಐದರಿಂದ ಎಂಟು ಸೆಂ.ಮೀ. ದಪ್ಪಕ್ಕೆ ಹೊದಿಕೆ ಹಾಸಬೇಕು. ಕಾಂಡದ ಸುತ್ತ ಅಂಗೈಯಗಲ ಜಾಗ ಖಾಲಿ ಬಿಡಬೇಕು. ಹುಲ್ಲು ಹಾಸಿ ಎಂದು ಹೇಳುವ ಸಲಹೆಗಳಿವೆ, ಆದರೆ ಹಸು ಸಾಕುವ ಈ ಜಿಲ್ಲೆಯಲ್ಲಿ ರಾಗಿಹುಲ್ಲನ್ನು ಮಣ್ಣಿಗೆ ಹಾಸಿದರೆ ಮನೆಯವರೇ ಬೈದಾರು. ಹೊಂಗೆಯ ಸೊಪ್ಪು, ಉದುರಿದ ಮಾವಿನೆಲೆ, ಕತ್ತರಿಸಿದ ತೆಂಗಿನ ಗರಿ, ಡಿಸೆಂಬರಿನಲ್ಲಿ ರಾಶಿಯಾಗುವ ಅವರೆಕಾಯಿಯ ಸಿಪ್ಪೆ, ಎಲ್ಲವೂ ನಡೆಯುತ್ತದೆ.

ಹೀರೆ, ಸೋರೆ, ಬೆಂಡೆಗಳ ಬೀಜಕ್ಕೆಂದು ಬಿಟ್ಟ ಕಾಯಿಗಳನ್ನು ಸ್ವಾತಿಯ ಬಿಸಿಲು ಬಿಡುವಿನಲ್ಲಿ ಕೊಯ್ದು, ಬೀಜ ಬಿಡಿಸಿ, ನೆರಳಲ್ಲಿ ಒಣಗಿಸಿ, ಬೂದಿ ಸವರಿ ಡಬ್ಬಿಗೆ ತುಂಬಿ. ಹೈಬ್ರಿಡ್ ಗಿಡದ ಬೀಜ ಎತ್ತಿಡುವ ಶ್ರಮ ವ್ಯರ್ಥ.

ಹೊದಿಕೆ ಹಾಸಿಯಾದ ಮೇಲೂ ಬಸಿಗಾಲುವೆಯನ್ನು ಮುಚ್ಚಬೇಡಿ. ನವೆಂಬರಿನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳು ಮೊದಲು ಮುಟ್ಟುವ ಕರ್ನಾಟಕದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. 2021ರ ನವೆಂಬರಿನಲ್ಲಿ ಸುರಿದ ಮಳೆಗೆ ಹೊಲದ ರಾಗಿ ಮಲಗಿತು, ಟೊಮೆಟೊ ತೋಟಗಳು ಕೊಳೆತವು, ಕಾಲುವೆ ಮುಚ್ಚಿದ್ದ ನನ್ನ ಹಿತ್ತಲಿನ ನಾಲ್ಕು ಪಪ್ಪಾಯಿ ಗಿಡಗಳೂ ಹೋದವು. ವಿಶಾಖ ಮಳೆ ಮುಗಿಯುವ ನವೆಂಬರ್ 19ರವರೆಗೆ, ಆಕಾಶದಲ್ಲಿ ಮೋಡವಿದ್ದರೆ ಇನ್ನೊಂದು ವಾರ, ಕಾಲುವೆಯ ಬಾಯಿ ತೆರೆದೇ ಇರಲಿ. ಆಮೇಲೆ ಒಡೆದ ಪಾತಿಗಳನ್ನು ಮತ್ತೆ ಕಟ್ಟಿ, ಬೋರಲು ಮಾಡಿದ್ದ ಬಟ್ಟಲನ್ನು ಮೊದಲಿನಂತೆ ತಿರುಗಿಸಿಡಿ.